ದ್ರಾಕ್ಷಿಗೆ ಎಲೆಯೇ ಕೊಡೆ

2019ರ ಜೂನ್ 28ರಂದು ದಕ್ಷಿಣ ಫ್ರಾನ್ಸಿನ ವೆರಾರ್ಗ್ ಎಂಬ ಸಣ್ಣ ಊರಿನಲ್ಲಿ ಉಷ್ಣಾಂಶ 46 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಆ ದೇಶದಲ್ಲಿ ಅಂಥ ಬಿಸಿಲು ಅದುವರೆಗೆ ದಾಖಲಾಗಿರಲಿಲ್ಲ. ವೆರಾರ್ಗ್ ಇರುವುದು ವೈನ್ ದ್ರಾಕ್ಷಿಯ ಸೀಮೆಯಲ್ಲಿ. ಆ ಊರಿರುವ ಎರೋ ಮತ್ತು ಅದರ ಪಕ್ಕದ ಗಾರ್ ಜಿಲ್ಲೆಗಳಲ್ಲಿ ತಲೆಮಾರುಗಳಿಂದ ಬಳ್ಳಿಯನ್ನೇ ನಂಬಿ ಬದುಕಿದ ಮನೆತನಗಳಿವೆ. ಅಂದು ಕಾಯಿ ಇನ್ನೂ ಹಸಿರಾಗಿತ್ತು, ಬಣ್ಣ ತಿರುಗಲು ವಾರಗಳು ಬಾಕಿಯಿದ್ದವು. ಬೆಳಿಗ್ಗೆ ನಳನಳಿಸುತ್ತಿದ್ದ ಸಾಲುಗಳಲ್ಲಿ ಸಂಜೆಯ ಹೊತ್ತಿಗೆ ಎಲೆ ಕರಕಲಾಗಿ, ಗೊಂಚಲು ಕಂದಿ, ವರ್ಷದ ಫಸಲು ಒಂದೇ ಮಧ್ಯಾಹ್ನದಲ್ಲಿ ಕೈಬಿಟ್ಟಿತ್ತು.

ಆದರೆ ಅಲ್ಲಿನ ಎಲ್ಲ ತೋಟಗಳೂ ಒಂದೇ ಸಮನಾಗಿ ಸುಡಲಿಲ್ಲ. ಬೂದಿ ರೋಗಕ್ಕೆಂದು ಹಿಂದಿನ ದಿನಗಳಲ್ಲಿ ಗಂಧಕ ಹೊಡೆದಿದ್ದ ತೋಟಗಳಿಗೆ ಹೆಚ್ಚು ಪೆಟ್ಟು ಬಿತ್ತು. ಬಿಸಿ ಏರಿದಂತೆ ಗಂಧಕ ಆವಿಯಾಗಿ ಎಲೆಯನ್ನೂ ಕಾಯಿಯನ್ನೂ ಸುಡುತ್ತದೆ. ಮೂವತ್ತರ ಮೇಲೆ ಒಂದೆರಡು ಡಿಗ್ರಿ ಹೋದರೇ ಅದನ್ನು ಬಳಸಬಾರದು ಎಂಬುದು ಹಳೆಯ ಎಚ್ಚರಿಕೆ. ಸಾಲಿನ ಒಂದು ಮಗ್ಗುಲು ಬೆಂದು ಇನ್ನೊಂದು ಮಗ್ಗುಲು ಉಳಿದ ತೋಟಗಳೂ ಇದ್ದವು. ಬಿಸಿಲು ಎಲ್ಲರ ಮೇಲೂ ಒಂದೇ ಬಗೆಯಾಗಿ ಬಿದ್ದರೂ ಹಾನಿ ಮಾತ್ರ ತೋಟದಿಂದ ತೋಟಕ್ಕೆ ಬೇರೆಯಾಗಿತ್ತು. ಬೆಳೆಗಾರನ ಕೈಯಲ್ಲಿ ಏನಿದೆ ಎಂಬುದು ತಿಳಿಯುವುದು ಆ ವ್ಯತ್ಯಾಸದಲ್ಲೇ. ಕೃಷ್ಣಾ ತೀರದಿಂದ ನಂದಿ ಬೆಟ್ಟದ ತಪ್ಪಲಿನವರೆಗೆ ದ್ರಾಕ್ಷಿ ಬೆಳೆಯುವ ನಮಗೂ ಅದು ಬೇಕಾದ ಪಾಠ.

ದ್ರಾಕ್ಷಿ ಹಣ್ಣಿಗೆ ಬೆವರಲು ಬರುವುದಿಲ್ಲ, ಅದರ ಸಂಕಟದ ಮೂಲ ಇಲ್ಲಿದೆ. ಎಲೆಯ ತಳಭಾಗದಲ್ಲಿ ಅಸಂಖ್ಯ ಸೂಕ್ಷ್ಮ ರಂಧ್ರಗಳಿವೆ. ಅವುಗಳ ಮೂಲಕ ನೀರು ಆವಿಯಾಗಿ ಹೋಗುವಾಗ ಎಲೆ ತಣ್ಣಗಾಗುತ್ತದೆ. ಕಾಯಿಯ ಸಿಪ್ಪೆಯಲ್ಲಿ ಅಂಥ ರಂಧ್ರಗಳು ತೀರಾ ಕಡಿಮೆ, ಕಾಯಿ ಬಲಿತಂತೆ ಅವೂ ಮೇಣ ಕಟ್ಟಿ ಮುಚ್ಚಿಹೋಗುತ್ತವೆ. ಹೀಗಾಗಿ ನೇರ ಬಿಸಿಲಿಗೆ ಸಿಕ್ಕ ಕಾಯಿ ಸುತ್ತಲಿನ ಗಾಳಿಗಿಂತ ಹತ್ತು ಡಿಗ್ರಿಗೂ ಹೆಚ್ಚು, ಕೆಲವೊಮ್ಮೆ ಹದಿನೈದು ಡಿಗ್ರಿಯವರೆಗೆ ಬಿಸಿಯಾಗಿರುತ್ತದೆ. ಹವಾಮಾನ ವರದಿಯಲ್ಲಿ 36 ಡಿಗ್ರಿ ಎಂದು ಓದಿ ನೆಮ್ಮದಿಯಿಂದ ಕೂತ ರೈತನ ತೋಟದಲ್ಲಿ ಕಾಯಿಯ ಸಿಪ್ಪೆ 48 ಡಿಗ್ರಿಯಲ್ಲಿ ಬೇಯುತ್ತಿರಬಹುದು. ಗಾಳಿ ಬೀಸುತ್ತಿದ್ದರೆ ಈ ಅಂತರ ತಗ್ಗುತ್ತದೆ. ಗಾಳಿ ನಿಂತು ಗೊಂಚಲು ಒತ್ತಾಗಿದ್ದರೆ ಹೆಚ್ಚುತ್ತದೆ. ಕಪ್ಪು ತಳಿಯ ಕಾಯಿ ಬಣ್ಣ ತಿರುಗಿದ ಮೇಲೆ ಇನ್ನಷ್ಟು ಬಿಸಿಲನ್ನು ಹೀರುತ್ತದೆ.

ಸುಟ್ಟ ಗೊಂಚಲೊಂದನ್ನು ಕೈಗೆತ್ತಿಕೊಂಡು ನೋಡಿದರೆ ಕಥೆಯೆಲ್ಲ ಅದರ ಮೇಲೇ ಇರುತ್ತದೆ. ಶೆನಿನ್ ಬ್ಲಾಂಕ್‌ನಂಥ ಬಿಳಿ ತಳಿಯಲ್ಲಿ ಬಿಸಿಲಿಗೆ ಮುಖ ಮಾಡಿದ ಕೆನ್ನೆ ಮೊದಲು ಹಳದಿಗಟ್ಟಿ, ಆಮೇಲೆ ಕಂದಾಗುತ್ತದೆ. ಅದೇ ಕಾಯಿಯ ಹಿಂಬದಿ ಇನ್ನೂ ತಿಳಿಹಸಿರಾಗಿ, ಬೂದಿಯಂಥ ತೆಳು ಮೇಣವನ್ನು ಹೊತ್ತುಕೊಂಡೇ ಇರುತ್ತದೆ. ಇದು ಹಗುರವಾದ ಸುಡು. ಬಿಸಿ ಮತ್ತು ಬೆಳಕು ಎರಡೂ ಸೇರಿ ಸಿಪ್ಪೆಯ ಜೀವಕೋಶಗಳ ಪೊರೆಯನ್ನು ಒಡೆಯುತ್ತವೆ, ಒಳಗಿನ ರಸಾಯನಗಳು ಆಮ್ಲಜನಕದೊಂದಿಗೆ ಬೆರೆತು ಕಂದು ಬಣ್ಣ ಬರುತ್ತದೆ. ಬಿಸಿ ಇನ್ನೂ ಏರಿದರೆ ಜೀವಕೋಶಗಳು ಸಾಯುತ್ತವೆ. ಆಗ ಕಾಯಿ ಒಂದು ಕಡೆ ಒಳಕ್ಕೆ ಕುಸಿದು, ಸಿಪ್ಪೆ ಬಿರುಸಾಗಿ, ಕೊನೆಗೆ ತೊಟ್ಟಿನಲ್ಲೇ ಒಣಗಿ ನಿಲ್ಲುತ್ತದೆ. ಸಿಪ್ಪೆ ಬಿರಿದಲ್ಲಿ ಬೂಷ್ಟು ಹೊಕ್ಕರೆ ಪಕ್ಕದ ಒಳ್ಳೆಯ ಕಾಯಿಗಳೂ ಕೆಡುತ್ತವೆ. ಜರ್ಮನಿಯ ಗೈಸನ್‌ಹೈಮ್‌ನಂಥ ತಂಪು ಸೀಮೆಯ ಸಂಶೋಧಕರು ಕೂಡ ಈಗ ಈ ಸುಡುವಿಕೆಯ ಬೆನ್ನು ಹತ್ತಿದ್ದಾರೆ. ರೈನ್ ನದಿಯ ದಂಡೆಗೂ ಬಿಸಿಲಿನ ಚಿಂತೆ ತಲುಪಿದೆ.

ತಿನ್ನುವ ದ್ರಾಕ್ಷಿಯಾದರೆ ಸುಟ್ಟ ಕಾಯಿಯನ್ನು ಕತ್ತರಿಯಿಂದ ತೆಗೆದು ಉಳಿದದ್ದನ್ನು ಪೆಟ್ಟಿಗೆಗೆ ತುಂಬಬಹುದು. ವೈನ್ ದ್ರಾಕ್ಷಿಯಲ್ಲಿ ಕಣ್ಣಿಗೆ ಕಾಣದ ನಷ್ಟವೇ ದೊಡ್ಡದು. ಹಣ್ಣಿನ ಹುಳಿಯಲ್ಲಿ ಮ್ಯಾಲಿಕ್ ಆಮ್ಲದ ಪಾಲು ದೊಡ್ಡದು. ಬಿಸಿ ಹೆಚ್ಚಿದಷ್ಟೂ ಹಣ್ಣು ಅದನ್ನು ತನ್ನ ಉಸಿರಾಟಕ್ಕೇ ಖರ್ಚು ಮಾಡಿಬಿಡುತ್ತದೆ, ವೈನ್ ಸಪ್ಪೆಯಾಗುತ್ತದೆ. ಕೆಂಪು ವೈನಿಗೆ ಬಣ್ಣ ಕೊಡುವ ಆಂಥೋಸಯಾನಿನ್ 35 ಡಿಗ್ರಿ ದಾಟಿದರೆ ಸರಿಯಾಗಿ ಕೂಡಿಕೊಳ್ಳುವುದಿಲ್ಲ, ಕೂಡಿಕೊಂಡದ್ದೂ ಒಡೆಯತೊಡಗುತ್ತದೆ. ನೀರು ಇಂಗಿ ಸುಕ್ಕುಗಟ್ಟಿದ ಹಣ್ಣಿನಲ್ಲಿ ಸಕ್ಕರೆಯ ಸಾಂದ್ರತೆ ಏರುತ್ತದೆ, ಅದರ ಜೊತೆಗೆ ಮದ್ಯಾಂಶವೂ ಏರುತ್ತದೆ. ಬಿಸಿಲುಂಡ ರೀಸ್ಲಿಂಗ್ ದ್ರಾಕ್ಷಿಯ ವೈನಿಗೆ ಸೀಮೆಎಣ್ಣೆಯಂಥ ವಾಸನೆ ಹೆಚ್ಚಾಗಿ ಬರುವುದಕ್ಕೂ ಕಾರಣ ಸಿಪ್ಪೆಯಲ್ಲಾಗುವ ಬದಲಾವಣೆಯೇ. ಸುಟ್ಟ ಗೊಂಚಲುಗಳು ಹೆಚ್ಚು ಬೆರೆತ ರಸದಲ್ಲಿ ಕಹಿ ಉಳಿಯುತ್ತದೆ. ವರ್ಷವಿಡೀ ದುಡಿದ ಬೆಳೆಗಾರನಿಗೆ ವೈನರಿಯ ತಕ್ಕಡಿಯ ಮುಂದೆ ದರ ಇಳಿಯುವುದು ಈ ಕಾರಣಗಳಿಂದ.

ಇಷ್ಟೆಲ್ಲ ಹಾನಿ ಮಾಡುವ ಬಿಸಿಲಿಗೆ ಗೊಂಚಲನ್ನು ಒಡ್ಡಿದವರು ನಾವೇ. ಯುರೋಪಿನ ತಂಪು ಸೀಮೆಗಳಲ್ಲಿ ದ್ರಾಕ್ಷಿ ಮಾಗುವುದೇ ಕಷ್ಟ. ಅಲ್ಲಿ ಮೋಡ ಹೆಚ್ಚು, ಎಲೆಯ ಒತ್ತಿನಲ್ಲಿ ತೇವ ನಿಂತರೆ ಬೂಷ್ಟು. ಹಾಗಾಗಿ ಚಿಗುರುಗಳನ್ನು ತಂತಿಗಳ ನಡುವೆ ನೆಟ್ಟಗೆ ಮೇಲಕ್ಕೆ ಹಬ್ಬಿಸಿ, ಗೊಂಚಲಿನ ಮಟ್ಟದ ಎಲೆ ಕಿತ್ತು, ಹಣ್ಣಿಗೆ ಬಿಸಿಲು ತೋರಿಸುವ ಪದ್ಧತಿ ಬೆಳೆಯಿತು. 1991ರಲ್ಲಿ ರಿಚರ್ಡ್ ಸ್ಮಾರ್ಟ್ ಮತ್ತು ಮೈಕ್ ರಾಬಿನ್ಸನ್ ಬರೆದ 'ಸನ್‌ಲೈಟ್ ಇನ್‌ಟು ವೈನ್' ಪುಸ್ತಕ ಬಳ್ಳಿಯ ಎಲೆಹಂದರವನ್ನು ನಿಭಾಯಿಸುವ ವಿದ್ಯೆಯನ್ನು ಜಗತ್ತಿನ ತೋಟಗಳಿಗೆಲ್ಲ ಮುಟ್ಟಿಸಿತು. ಅದು ಒಳ್ಳೆಯ ಪುಸ್ತಕ, ಅದು ಹೇಳಿದ ಬೆಳಕಿನ ಮಹತ್ವವೂ ನಿಜ. ಆದರೆ ಪುಸ್ತಕದ ತಿರುಳಿಗಿಂತ ತಂತಿಯ ಮೇಲಿನ ಆ ನೆಟ್ಟಗಿನ ಗೋಡೆಯ ರೂಪವೇ ಬೇಗ ಹರಡಿತು. ಬಿಸಿಲು ಸಾಲದ ನಾಡಿನ ಉಪಾಯ ಬಿಸಿಲು ಮಿಕ್ಕಿದ ನಾಡುಗಳಲ್ಲೂ ಆಧುನಿಕತೆಯ ಗುರುತಾಗಿ ನೆಲೆಯೂರಿತು.

ನಮ್ಮಲ್ಲೂ ಆದದ್ದು ಹೀಗೆಯೇ. ಕನ್ವಲ್ ಗ್ರೋವರ್ 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ಫ್ರೆಂಚ್ ತಳಿಗಳ ವೈನ್ ಉದ್ಯಮ ಕಟ್ಟಲು ಹೊರಟರು. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದು ವೈನ್ ಮಂಡಳಿ ಸ್ಥಾಪಿಸಿತು. ಹೊಸ ತಳಿಗಳ ಜೊತೆ ಹೊಸ ಹಬ್ಬಿಸುವಿಕೆಯೂ ಬಂತು. ಅದಕ್ಕೆ ಮುಂಚೆ ಬೆಂಗಳೂರು ಸುತ್ತ ದ್ರಾಕ್ಷಿಯೆಂದರೆ ಚಪ್ಪರ. ಕಲ್ಲುಕಂಬ ನೆಟ್ಟು, ತಲೆಯ ಎತ್ತರಕ್ಕಿಂತ ಮೇಲೆ ತಂತಿಯ ಜಾಲ ಬಿಗಿದು, ಅದರ ಮೇಲೆ ಬೆಂಗಳೂರು ಬ್ಲೂ ಬಳ್ಳಿಯನ್ನು ಹರಡುತ್ತಿದ್ದರು. ಎಲೆಗಳು ಮೇಲೆ ಸೂರಾಗುತ್ತಿದ್ದವು, ಗೊಂಚಲುಗಳು ಕೆಳಗೆ ನೆರಳಿನಲ್ಲಿ ತೂಗುತ್ತಿದ್ದವು. ಮಾರ್ಚ್ ತಿಂಗಳ ಮಧ್ಯಾಹ್ನ ಅಂಥ ಚಪ್ಪರದೊಳಕ್ಕೆ ಕಾಲಿಟ್ಟವರಿಗೆ ಆ ತಂಪಿನ ಬೆಲೆ ಗೊತ್ತು. ಉರಿಬಿಸಿಲಿನ ಸೀಮೆಗಳೆಲ್ಲ ತಮ್ಮದೇ ದಾರಿಯಲ್ಲಿ ಈ ತಿಳಿವಳಿಕೆಗೆ ಬಂದಿವೆ. ಅರ್ಜೆಂಟೀನಾದ ಮೆಂಡೋಸಾದಲ್ಲಿ 'ಪರ್ರಾಲ್' ಎಂಬ ಚಪ್ಪರವಿದೆ. ಗ್ರೀಸಿನ ಸ್ಯಾಂಟೊರಿನಿ ದ್ವೀಪದವರು ಬಳ್ಳಿಯನ್ನು ನೆಲದ ಮೇಲೆಯೇ ಸುತ್ತಿ ಸುತ್ತಿ ಬುಟ್ಟಿಯಾಗಿ ಹೆಣೆಯುತ್ತಾರೆ. ಗೊಂಚಲು ಆ ಬುಟ್ಟಿಯೊಳಗೆ ಬೆಳೆದು, ಸಮುದ್ರದ ಗಾಳಿ ಮತ್ತು ಬಿಸಿಲು ಎರಡರಿಂದಲೂ ಪಾರಾಗುತ್ತದೆ.

ಚಪ್ಪರಕ್ಕೇ ಮರಳಿಬಿಡೋಣ ಎಂದು ನಾನು ಹೇಳುತ್ತಿಲ್ಲ. ದಟ್ಟ ಚಪ್ಪರದಡಿ ಗಾಳಿ ಆಡುವುದಿಲ್ಲ. ಅಕಾಲಿಕ ಮಳೆ ಬಂದ ವರ್ಷ ಡೌನಿ ಎಂಬ ಬೂಷ್ಟು ರೋಗ ಬಂತೆಂದರೆ ಔಷಧಿಯ ಖರ್ಚಿಗೆ ಮಿತಿಯಿರುವುದಿಲ್ಲ. ಕತ್ತು ಮೇಲೆತ್ತಿ ಕೆಲಸ ಮಾಡುವವರ ನೋವೂ ಸಣ್ಣದಲ್ಲ. ಪೂರ್ತಿ ಕತ್ತಲಲ್ಲಿ ಬೆಳೆದ ಕೆಂಪು ದ್ರಾಕ್ಷಿಗೆ ಬಣ್ಣ ಸಾಲದು, ಹಸಿವಾಸನೆ ಹೋಗದು. ವೈನ್ ದ್ರಾಕ್ಷಿಗೆ ಬೇಕಾಗಿರುವುದು ಎಲೆಗಳ ಸಂದಿನಿಂದ ಚುಕ್ಕೆಚುಕ್ಕೆಯಾಗಿ ಬಿದ್ದು ಸರಿಯುತ್ತಾ ಹೋಗುವ ಬಿಸಿಲು. ವೈ ಆಕಾರದ ಕಂಬಗಳ ಮೇಲೆ ಚಿಗುರನ್ನು ಎರಡು ಕಡೆಗೆ ಓರೆಯಾಗಿ ಚಾಚಿಸಿದರೆ ಗೊಂಚಲಿನ ಮೇಲೆ ಎಲೆಯ ಮಾಡು ಬರುತ್ತದೆ, ನಡುವೆ ಗಾಳಿಯೂ ಆಡುತ್ತದೆ. ತಿನ್ನುವ ದ್ರಾಕ್ಷಿ ಬೆಳೆಯುವ ನಮ್ಮ ರೈತರಿಗೆ ಇದು ಕೈಬಂದ ವಿದ್ಯೆ. ವೈನ್ ತೋಟಗಳು ಅವರಿಂದ ಕಲಿಯಬೇಕು.

ವಿಜಯಪುರ ಕಡೆಯ ದ್ರಾಕ್ಷಿ ಪಡಗಳಲ್ಲಿ ಎಲೆ ಕೀಳುವ ಕೆಲಸ ಹೆಚ್ಚಾಗಿ ಹೆಣ್ಣುಮಕ್ಕಳದು. ಅವರ ಬೆರಳುಗಳು ಗೊಂಚಲನ್ನು ಮುಟ್ಟದೆ ಅದರ ಎದುರಿನ ಎಲೆಯ ತೊಟ್ಟನ್ನಷ್ಟೇ ಹಿಡಿದು ಕೆಳಕ್ಕೆ ಜಗ್ಗುತ್ತವೆ. ಎಲೆ ಚಟ್ ಎಂದು ಬಿಡುತ್ತದೆ, ಕಡ್ಡಿಯ ಸಿಪ್ಪೆ ಏಳುವುದಿಲ್ಲ. ಇಂಥ ಕಡೆ ಅನುಭವಸ್ಥ ಮಾಲೀಕ ಸಾಲಿನ ತುದಿಯಲ್ಲಿ ನಿಂತು ಹೇಳುವ ಮಾತು ಹೀಗಿರುತ್ತದೆ: "ಯಕ್ಕಾ, ಪಡುವಣ ಮಗ್ಗಲಿನ ಎಲಿ ಮುಟ್ಟಬ್ಯಾಡ. ಮೂಡಣ ಕಡೀದಷ್ಟ ತೆಗಿ, ಮುಂಜಾನಿ ಬಿಸಲು ಬಿದ್ರ ಸಾಕು." ಆಕೆಯ ಉತ್ತರವೂ ಅಷ್ಟೇ ಖಚಿತ: "ಗೊತ್ತೈತ್ರೀ ಅಣ್ಣಾರ, ಹ್ವಾದ ವರ್ಸ ಸುಟ್ಟದ್ದು ಆ ಮಗ್ಗಲೇ ಅಲ್ರೀ."

ಪ್ರಯೋಗಾಲಯಗಳು ಹೇಳುವುದೂ ಇದನ್ನೇ. ಬೆಳಗಿನ ಬಿಸಿಲು ಬೀಳುವಾಗ ಗಾಳಿ ತಂಪಾಗಿರುತ್ತದೆ, ಕಾಯಿಗೆ ಬೆಳಕು ಸಿಗುತ್ತದೆ, ಬೇಗೆ ತಟ್ಟುವುದಿಲ್ಲ. ಮಧ್ಯಾಹ್ನ ಮೂರರ ಬಿಸಿಲು ಬೀಳುವ ಹೊತ್ತಿಗೆ ಗಾಳಿ ದಿನದ ತುತ್ತತುದಿಯ ಬಿಸಿಯಲ್ಲಿರುತ್ತದೆ. ಎಲೆ ಕೀಳುವ ಸಮಯವೂ ಮುಖ್ಯ. ಕಾಯಿ ಕಟ್ಟಿದ ಹೊಸತರಲ್ಲಿ ಎಲೆ ತೆಗೆದರೆ ಎಳೆಗಾಯಿ ನಿಧಾನವಾಗಿ ಬಿಸಿಲಿಗೆ ಒಗ್ಗುತ್ತದೆ. ಫ್ಲೇವನಾಲ್ ಎಂಬ ಸಂಯುಕ್ತಗಳನ್ನು ಸಿಪ್ಪೆಯಲ್ಲಿ ತುಂಬಿಕೊಂಡು ತನ್ನ ರಕ್ಷಣೆಯನ್ನು ತಾನೇ ಕಟ್ಟಿಕೊಳ್ಳುತ್ತದೆ. ತಿಂಗಳುಗಟ್ಟಲೆ ನೆರಳಿನಲ್ಲಿದ್ದ ಗೊಂಚಲನ್ನು ಬಿಸಿಗಾಳಿಯ ವಾರದಲ್ಲಿ ಇದ್ದಕ್ಕಿದ್ದಂತೆ ಬಯಲು ಮಾಡಿದರೆ ಅದಕ್ಕೆ ಯಾವ ಸಿದ್ಧತೆಯೂ ಇರುವುದಿಲ್ಲ. ಬಿಸಿಗಾಳಿಯ ಮುನ್ಸೂಚನೆ ಬಂದರೆ ಎಲೆ ಕೀಳುವ ಆಳುಗಳನ್ನು ಅಂದೇ ನಿಲ್ಲಿಸಬೇಕು. ಆ ಹೊತ್ತಿನಲ್ಲಿ ನಡುಮಧ್ಯಾಹ್ನ ಸಾಲುಗಳ ನಡುವೆ ದುಡಿಯುವವರ ಮೈಯೂ ಸುಡುತ್ತದೆ ಎಂಬುದನ್ನು ಮರೆಯಬಾರದು. ಆಸ್ಟ್ರೇಲಿಯಾದಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ರಾತ್ರಿ ದೀಪ ಹಚ್ಚಿ ಕೊಯ್ಲು ಮಾಡುತ್ತಾರೆ. ಹಣ್ಣೂ ತಂಪಾಗಿ ವೈನರಿ ಸೇರುತ್ತದೆ, ಕೊಯ್ಯುವವರೂ ಬದುಕುತ್ತಾರೆ.

ಎಲೆಯ ನೆರಳಿಗಿಂತಲೂ ಮೊದಲು ತೀರ್ಮಾನವಾಗುವುದು ಸಾಲಿನ ದಿಕ್ಕು. ಉತ್ತರ–ದಕ್ಷಿಣಕ್ಕೆ ಸಾಲು ಹಾಕುವುದು ವಾಡಿಕೆ, ಅದರಿಂದ ಎರಡೂ ಮಗ್ಗುಲಿಗೆ ಬೆಳಕು ಸಮನಾಗಿ ಸಿಗುತ್ತದೆ. ಬೆಳಕು ಸಮನಾದರೂ ಬಿಸಿ ಸಮನಾಗುವುದಿಲ್ಲ, ಪಡುವಣ ಮಗ್ಗುಲು ಸುಡುತ್ತದೆ. ಅದಕ್ಕೇ ಕ್ಯಾಲಿಫೋರ್ನಿಯಾದಲ್ಲಿ ಈಶಾನ್ಯ–ನೈಋತ್ಯಕ್ಕೆ ಸಾಲು ತಿರುಗಿಸುವ ಸಲಹೆ ಬಂತು. ಹಾಗೆ ಮಾಡಿದರೆ ಮಧ್ಯಾಹ್ನದ ಉಗ್ರ ಸೂರ್ಯ ಸಾಲಿನ ಉದ್ದಕ್ಕೆ ಬೀಳುತ್ತಾನೆ, ಮಗ್ಗುಲಿಗೆ ಬೀಳುವುದಿಲ್ಲ. ಆ ಕೋನವನ್ನು ಇದ್ದಂತೆಯೇ ಎರವಲು ತರಲಾಗದು. ಅಲ್ಲಿ ಹಣ್ಣು ಮಾಗುವುದು ಆಗಸ್ಟ್‌–ಸೆಪ್ಟೆಂಬರಿನಲ್ಲಿ, ನಮ್ಮಲ್ಲಿ ಫೆಬ್ರುವರಿ–ಮಾರ್ಚಿನಲ್ಲಿ. ನಮ್ಮ ಮಾರ್ಚಿನ ಸೂರ್ಯ ನಡುಹಗಲಿನಲ್ಲಿ ನೆತ್ತಿಗೆ ಹತ್ತಿರವಿದ್ದು, ಮೂರು ಗಂಟೆಗಾಗಲೇ ಬಹುಮಟ್ಟಿಗೆ ಪಡುವಣಕ್ಕೆ ವಾಲಿರುತ್ತಾನೆ. ನಮ್ಮ ಸಾಲಿನ ಕೋನವನ್ನು ನಮ್ಮ ಅಕ್ಷಾಂಶಕ್ಕೆ, ನಮ್ಮ ಕೊಯ್ಲಿನ ತಿಂಗಳಿಗೆ ಲೆಕ್ಕ ಹಾಕಬೇಕು. ನೆತ್ತಿಯ ಬಿಸಿಲಿಗೆ ಮೇಲಿನ ಎಲೆಯ ಮಾಡೇ ಗತಿ.

ದಿಕ್ಕು ತಪ್ಪಿ ನೆಟ್ಟಾಗಿದೆ, ಎಲೆಯೂ ತೆಳುವಾಗಿದೆ ಎನ್ನುವವರಿಗೆ ಉಳಿದಿರುವುದು ಲೇಪ ಮತ್ತು ಪರದೆ. ಲೇಪಗಳಲ್ಲಿ ಹೆಸರಾದದ್ದು ಕೆಯೋಲಿನ್, ಪಿಂಗಾಣಿ ಮಾಡುವ ಬಿಳಿ ಜೇಡಿಮಣ್ಣು. ಅದನ್ನು ನಯವಾಗಿ ಅರೆದು ನೀರಿನಲ್ಲಿ ಕಲಸಿ ಬೆಳೆಗೆ ಸಿಂಪಡಿಸುವ ತಂತ್ರವನ್ನು 1990ರ ದಶಕದ ಕೊನೆಯಲ್ಲಿ ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿ ಮೈಕೆಲ್ ಗ್ಲೆನ್ ಮತ್ತು ಸಂಗಡಿಗರು ರೂಪಿಸಿದರು. ಸುಣ್ಣ ಬಳಿದ ಮಾಳಿಗೆ ಹೇಗೆ ಬಿಸಿಲನ್ನು ಹಿಂದಕ್ಕೆ ತಳ್ಳುತ್ತದೋ ಹಾಗೆ ಈ ತೆಳು ಬಿಳಿ ಪದರ ಬೆಳಕನ್ನು ಚದುರಿಸಿ ಕಾಯಿಯನ್ನು ಕೆಲವು ಡಿಗ್ರಿ ತಂಪಾಗಿಡುತ್ತದೆ. ತಿನ್ನುವ ಹಣ್ಣಿನ ಮೇಲೆ ಬಿಳಿ ಕಲೆ ಉಳಿದರೆ ಪೇಟೆಯಲ್ಲಿ ಕೊಳ್ಳುವವರಿಲ್ಲ. ವೈನ್ ದ್ರಾಕ್ಷಿಗೆ ಆ ತೊಂದರೆಯಿಲ್ಲ, ಮಣ್ಣು ಗಸಿಯ ಜೊತೆ ತಳ ಸೇರುತ್ತದೆ. ಆದರೆ ಬಿಸಿಗಾಳಿ ಬರುವ ಮೊದಲೇ ಸಿಂಪಡಿಸಿರಬೇಕು, ಗೊಂಚಲಿಗೆ ಸಮನಾಗಿ ತಾಗಬೇಕು, ಮಳೆ ಬಂದರೆ ಮತ್ತೆ ಹೊಡೆಯಬೇಕು. ಸುಟ್ಟ ಮೇಲೆ ಬಳಿದರೆ ಪ್ರಯೋಜನವಿಲ್ಲ.

ಪರದೆ ದುಬಾರಿ, ಆದರೆ ಅದರ ಕೆಲಸ ಖಚಿತ. ಕ್ಯಾಲಿಫೋರ್ನಿಯಾದ ನಾಪಾ ಕಣಿವೆಯ ಓಕ್‌ವಿಲ್‌ನಲ್ಲಿ ಕಾನ್ ಕುರ್ತುರಾಲ್ ಅವರ ತಂಡ ಕ್ಯಾಬರ್ನೆ ಸುವಿನ್ಯೋನ್ ಬಳ್ಳಿಗಳ ಮೇಲೆ ಬೇರೆಬೇರೆ ಬಗೆಯ ನೆರಳು ಹಾಳೆಗಳನ್ನು ಕಟ್ಟಿ ನೋಡಿತು. ನೆರಳಿದ್ದ ಕಡೆ ಬಿಸಿಗಾಳಿಯಲ್ಲೂ ಬಣ್ಣ ಕಡಿಮೆ ನಾಶವಾಯಿತು. ಫ್ರಾನ್ಸಿನ ಟ್ರೆಸ್ಸೇರ್‌ನಲ್ಲಿ 2018ರಲ್ಲಿ ಬಳ್ಳಿಗಳ ಮೇಲೆ ತಿರುಗುವ ಸೌರಫಲಕಗಳನ್ನೇ ನಿಲ್ಲಿಸಿದರು, ಬಿಸಿಲು ಹೆಚ್ಚಾದಾಗ ಅವು ಸೂರಾಗುತ್ತವೆ. ನಮಗೆ ಇದಾವುದೂ ವಿಚಿತ್ರವಾಗಿ ಕಾಣಬೇಕಿಲ್ಲ. ಉತ್ತರ ಕರ್ನಾಟಕದಲ್ಲಿ ದಾಳಿಂಬೆ ಗಿಡಗಳಿಗೆ ಹಳೆಯ ಸೀರೆ ಹೊದಿಸಿ ಕಾಯಿ ಸುಡದಂತೆ ಕಾಪಾಡಿಕೊಳ್ಳುವುದುಂಟು. ಅದೇ ವಿಜಯಪುರದ ಒಣದ್ರಾಕ್ಷಿ ಶೆಡ್ಡುಗಳಲ್ಲಿ ಹಣ್ಣನ್ನು ನೇರ ಬಿಸಿಲಿಗೆ ಹರಡುವುದಿಲ್ಲ. ದ್ರಾವಣದಲ್ಲಿ ಅದ್ದಿ ತೆಗೆದ ಗೊಂಚಲುಗಳನ್ನು ಸೂರಿನ ಕೆಳಗೆ ಬಲೆಯ ಅಂತಸ್ತುಗಳ ಮೇಲೆ ಹಾಸಿ, ಪಕ್ಕಕ್ಕೆ ಶೇಡ್‌ನೆಟ್ ಇಳಿಬಿಟ್ಟು, ಒಣಗಾಳಿಯಲ್ಲೇ ಒಣಗಿಸುತ್ತಾರೆ. ಬಿಸಿಲು ತಾಗಿದರೆ ಮಣೂಕ ಕಪ್ಪಾಗುತ್ತದೆ, ದರ ಬೀಳುತ್ತದೆ. ಕೊಯ್ದ ಹಣ್ಣಿನ ಬಣ್ಣವನ್ನು ನೆರಳಿನಲ್ಲಿ ಉಳಿಸಿಕೊಳ್ಳುವುದು ಗೊತ್ತಿರುವ ಊರಿಗೆ ಬಳ್ಳಿಯ ಮೇಲಿನ ಹಣ್ಣಿಗೂ ಅದನ್ನೇ ಮಾಡಿ ಎನ್ನಲು ದೊಡ್ಡ ತರಬೇತಿ ಬೇಕಿಲ್ಲ. ಬೇಕಿರುವುದು ಪರದೆಗೆ ಹಣ. ಆಲಿಕಲ್ಲು ಮಳೆಗೆ, ಹಕ್ಕಿಗಳಿಗೆ ಬಲೆ ಕಟ್ಟಲು ಕೊಡುವ ಸಹಾಯಧನದ ಯೋಚನೆಯೊಳಗೆ ಬಿಸಿಲೂ ಸೇರಬೇಕು.

ನೀರಿನ ವಿಷಯದಲ್ಲಿ ಆಸ್ಟ್ರೇಲಿಯಾದ 2009ರ ಅನುಭವ ಎಲ್ಲರಿಗೂ ಗುರು. ಆ ವರ್ಷ ಜನವರಿ 28ರಂದು ಅಡಿಲೇಡ್‌ನಲ್ಲಿ 45.7 ಡಿಗ್ರಿ, ಫೆಬ್ರುವರಿ 7ರಂದು ಮೆಲ್ಬರ್ನ್‌ನಲ್ಲಿ 46.4 ಡಿಗ್ರಿ. ಆ ಎರಡನೆಯ ದಿನವೇ ವಿಕ್ಟೋರಿಯಾ ರಾಜ್ಯವನ್ನು ಕಾಳ್ಗಿಚ್ಚು ಸುಟ್ಟಿತು. ಆಮೇಲೆ ಲಿಯಾನ್ ವೆಬ್ ಮತ್ತು ಸಹೋದ್ಯೋಗಿಗಳು ಹಲವು ವೈನ್ ಸೀಮೆಗಳ ಬೆಳೆಗಾರರನ್ನು ಮಾತನಾಡಿಸಿ ಯಾರ ತೋಟ ಉಳಿಯಿತು, ಯಾಕೆ ಉಳಿಯಿತು ಎಂದು ಕಲೆಹಾಕಿದರು. ಬಿಸಿಗಾಳಿ ಬರುವ ಮುನ್ನವೇ ಬೇರಿನ ಆಳಕ್ಕೆ ನೀರು ಕೊಟ್ಟವರು, ಎಲೆಹಂದರ ಚೆನ್ನಾಗಿ ಉಳಿಸಿಕೊಂಡವರು ಹೆಚ್ಚು ಪಾರಾಗಿದ್ದರು. ಬಾಡಿದ ಬಳ್ಳಿ ಎಲೆಯ ರಂಧ್ರಗಳನ್ನು ಮುಚ್ಚಿಬಿಡುತ್ತದೆ, ತಂಪಾಗುವ ದಾರಿ ಅಲ್ಲಿಗೆ ಮುಗಿಯುತ್ತದೆ. ಬಿಸಿಗಾಳಿಯ ನಡುವೆ ಹನಿ ನೀರು ಬಿಟ್ಟರೂ ಆ ದಾರಿಯನ್ನು ಮತ್ತೆ ತೆರೆಯುವುದು ಕಷ್ಟ. ಇದನ್ನು ನಮ್ಮ ಬೆಳೆಗಾರರಿಗೆ ಹೇಳುವಾಗ ಮನಸ್ಸು ಭಾರವಾಗುತ್ತದೆ. ಮಾರ್ಚಿನಲ್ಲಿ ಕೊಳವೆಬಾವಿ ಬತ್ತಿ ಟ್ಯಾಂಕರ್ ನೀರಿಗೆ ಸಾಲ ಮಾಡುವವನಿಗೆ ಮುಂಚಿತವಾಗಿ ಹೆಚ್ಚು ನೀರು ಕೊಡಿ ಎನ್ನುವುದು ಹೇಗೆ? ಕೃಷಿ ಹೊಂಡದಲ್ಲಿ ಬಿಸಿಗಾಳಿಯ ಒಂದೆರಡು ವಾರಕ್ಕೆಂದೇ ನೀರು ಕಾದಿಟ್ಟುಕೊಳ್ಳುವುದು, ಬುಡಕ್ಕೆ ಕಬ್ಬಿನ ರವದಿ ಹೊದಿಸುವುದು, ಹೀಗೆ ದಾರಿಗಳಿವೆ.

ಬಿಸಿಲಿನಿಂದ ತಪ್ಪಿಸಿಕೊಳ್ಳಲು ಕ್ಯಾಲೆಂಡರನ್ನೇ ಸರಿಸುವ ಉಪಾಯವೂ ಇದೆ, ಅದರಲ್ಲಿ ನಾವು ಹಳಬರು. ನಮ್ಮ ಬಳ್ಳಿಗೆ ಚಳಿಗಾಲದ ನಿದ್ದೆಯಿಲ್ಲ. ಹಾಗಾಗಿ ವರ್ಷಕ್ಕೆ ಎರಡು ಸಲ ಬಳ್ಳಿ ಕತ್ತರಿಸುತ್ತೇವೆ, ಅದನ್ನೇ ಚಾಟ್ನಿ ಎನ್ನುತ್ತೇವೆ. ಏಪ್ರಿಲ್ ಚಾಟ್ನಿ ಕಡ್ಡಿ ಬೆಳೆಸಲು, ಅಕ್ಟೋಬರ್ ಚಾಟ್ನಿ ಹಣ್ಣು ಹಿಡಿಸಲು. ಏಪ್ರಿಲ್–ಮೇ ತಿಂಗಳ ಉರಿಬಿಸಿಲು ಹೊಸ ಕಡ್ಡಿಯ ಮೊಗ್ಗಿನೊಳಗೆ ಮುಂದಿನ ಗೊಂಚಲು ರೂಪುಗೊಳ್ಳಲು ನೆರವಾಗುತ್ತದೆ. ಒಂದೇ ಬಳ್ಳಿಗೆ ಮೇ ತಿಂಗಳಲ್ಲಿ ಮೊಗ್ಗಿಗೆ ಬಿಸಿಲು ಬೇಕು, ಮಾರ್ಚ್ ತಿಂಗಳಲ್ಲಿ ಹಣ್ಣಿಗೆ ನೆರಳು ಬೇಕು. ಬ್ರೆಜಿಲ್‌ನ ಮಿನಾಸ್ ಜೆರೈಸ್ ರಾಜ್ಯದಲ್ಲಿ ಮುರಿಲೊ ರೆಜಿನಾ ಎಂಬ ಸಂಶೋಧಕರು ಎರಡು ಸಲ ಬಳ್ಳಿ ಕತ್ತರಿಸಿ ಕೊಯ್ಲನ್ನು ತಂಪಾದ ಒಣ ಚಳಿಗಾಲಕ್ಕೆ ಸರಿಸಿದರು, ಅಲ್ಲಿನ ವೈನ್ ಉದ್ಯಮ ಅದರಿಂದ ಹೊಸ ಜೀವ ಪಡೆಯಿತು. ನಮ್ಮಲ್ಲಿ ಅಕ್ಟೋಬರ್ ಚಾಟ್ನಿಯನ್ನು ಸೆಪ್ಟೆಂಬರಿಗೆ ಎಳೆದರೆ ಹಣ್ಣು ಜನವರಿ–ಫೆಬ್ರುವರಿಯ ತಂಪಿನಲ್ಲೇ ಮಾಗುತ್ತದೆ. ಆದರೆ ಹಿಂಗಾರು ಮಳೆ ಹೂವಿನ ಮೇಲೆ ಬೀಳುವ ಅಪಾಯ ಹೆಚ್ಚುತ್ತದೆ. ಈ ತಕ್ಕಡಿಯನ್ನು ಪ್ರತಿ ಸೀಮೆಯೂ ತನ್ನ ಮಳೆಯ ಲೆಕ್ಕ ನೋಡಿ ತೂಗಬೇಕು. ನಂದಿ ಕಣಿವೆಗೆ ಸರಿಹೋದ ತಾರೀಖು ಕೃಷ್ಣಾ ಕಣಿವೆಗೆ ಸರಿಹೋಗದು.

ತಳಿಯ ಮಾತೂ ಇದೆ. ಸಂಪ್ರದಾಯಕ್ಕೆ ಅಂಟಿಕೊಂಡ ಬೋರ್ಡೊ ಕೂಡ 2021ರಲ್ಲಿ ಪೋರ್ಚುಗಲ್‌ನ ಟೊರೀಗಾ ನಾಸಿಯೊನಾಲ್ ಸೇರಿ ಆರು ಹೊಸ ತಳಿಗಳನ್ನು ಒಳಗೆ ಬಿಟ್ಟುಕೊಂಡಿತು. ನಾವು ಇನ್ನೂ ಸುವಿನ್ಯೋನ್ ಬ್ಲಾಂಕ್‌ನಂಥ ತಂಪು ಬಯಸುವ ತಳಿಯನ್ನು ಬಯಲುಸೀಮೆಯಲ್ಲಿ ನೆಟ್ಟು ಅದರ ಸುವಾಸನೆ ಹಾರಿಹೋಯಿತೆಂದು ಕೊರಗುತ್ತೇವೆ.

ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ ಮತ್ತು ಪುಣೆ ಬಳಿಯ ಮಾಂಜರಿಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ನಮ್ಮ ರೈತರಿಗೆ ಹತ್ತಿರದಲ್ಲೇ ಇವೆ. ಹೊಸದಾಗಿ ವೈನ್ ದ್ರಾಕ್ಷಿ ನೆಡುವವರು ತಳಿ, ಬೇರುಗಿಡ, ಹನಿಕೊಳವೆಗಳ ಬಗ್ಗೆ ಮಾತ್ರ ಕೇಳಿ ಬರಬಾರದು. ಸಾಲು ಯಾವ ದಿಕ್ಕಿಗೆ, ಕಂಬ ಯಾವ ಆಕಾರಕ್ಕೆ, ಮಾರ್ಚಿನ ಮೂರು ಗಂಟೆಗೆ ಗೊಂಚಲಿನ ಮೇಲೆ ಎಷ್ಟು ಎಲೆ ಇರಬೇಕು ಎಂದೂ ಕೇಳಬೇಕು. ಕೀಟನಾಶಕದ ಅಂಗಡಿಯಲ್ಲಿ ಇದಕ್ಕೆ ಉತ್ತರ ಸಿಗದು. ಈಗಾಗಲೇ ತೋಟವಿದ್ದವರು ದೂರದಿಂದಲೇ ಬಿಸಿ ಅಳೆಯುವ ಕೈಮಾಪಕವೊಂದನ್ನು ಕೊಂಡು, ಕೊಯ್ಲಿಗೆ ತಿಂಗಳಿರುವಾಗ ಎರಡೂ ಮಗ್ಗುಲಿನ ಕಾಯಿಗೆ ಹಿಡಿದು ಬರೆದಿಟ್ಟುಕೊಳ್ಳಲಿ. ಪಡುವಣದ ಅಂಕಿ ಮೂಡಣದ್ದಕ್ಕಿಂತ ತೀರಾ ಮೇಲಿದ್ದರೆ ಮುಂದಿನ ಹಂಗಾಮಿನಲ್ಲಿ ಆ ಮಗ್ಗುಲಿನ ಮೇಲ್ತಂತಿಯನ್ನು ಒಂದು ಮೊಳ ಹೊರಕ್ಕೆ ಚಾಚಿ ಚಿಗುರನ್ನು ಅದರ ಮೇಲೆ ಇಳಿಬಿಡಲಿ. ಕಂಬ ಕೀಳದೆ, ಹೊಸ ಬಳ್ಳಿ ನೆಡದೆ ಮಾಡಬಹುದಾದ ಕೆಲಸ ಅದು. ಅಕ್ಟೋಬರ್ ಚಾಟ್ನಿಗೆ ಮುಂಚೆ ತಂತಿ ಬಿಗಿಯುವಾಗಲೇ ಅದನ್ನು ಮುಗಿಸಿಕೊಳ್ಳಬಹುದು.